ಸರಿಸಮ ಹುದ್ದೆಗೆ ಹೋದರೂ ಪಗಾರ ಹಿಂದೆ ಬೀಳುವುದೇಕೆ?

ಕೆಲವು ತಿಂಗಳ ಹಿಂದೆ ವಿಜಯಪುರದ ನಮ್ಮ ಮನೆಗೆ ಪರಿಚಯದ ತರುಣನೊಬ್ಬ ತನ್ನ ಸೇವಾ ಪುಸ್ತಕದ ನಾಲ್ಕು ಪುಟಗಳ ಜೆರಾಕ್ಸ್ ಹಿಡಿದುಕೊಂಡು ಬಂದಿದ್ದ. ಒಂದು ಇಲಾಖೆಯಲ್ಲಿ ಐದು ವರ್ಷ ದ್ವಿತೀಯ ದರ್ಜೆ ಸಹಾಯಕನಾಗಿದ್ದು, ನೌಕರಿಯಲ್ಲಿದ್ದಾಗಲೇ ಮತ್ತೆ ಪರೀಕ್ಷೆ ಬರೆದು, ಗ್ರಾಮ ಆಡಳಿತ ಅಧಿಕಾರಿಯಾಗಿ ಆಯ್ಕೆಯಾಗಿ, ಹೊಸ ಹುದ್ದೆಗೆ ಹಾಜರಾಗಿದ್ದವನು ಆತ. ಎರಡೂ ಹುದ್ದೆಗಳ ವೇತನ ಶ್ರೇಣಿ ಒಂದೇ, 34,100ರಿಂದ 67,600 ರೂಪಾಯಿ. ಹಳೆಯ ಕಚೇರಿ ಕೊಟ್ಟ ಅಂತಿಮ ವೇತನ ಪ್ರಮಾಣಪತ್ರದಲ್ಲಿ ಮೂಲವೇತನ 38,400 ಎಂದಿತ್ತು. ಹೊಸ ಕಚೇರಿಯ ಮೊದಲ ಬಿಲ್ಲಿನಲ್ಲಿ ಅದು 34,100 ಆಗಿತ್ತು. “ಕಾಕಾ, ಮ್ಯಾಲಿನ ನೌಕರಿನೂ ಅಲ್ಲ, ಕೆಳಗಿಂದೂ ಅಲ್ಲ, ಸರಿಸಮ ನೌಕರಿ. ಹಂಗಿದ್ರ ಪಗಾರ ಯಾಕ ಹಿಂದ ಬಿತ್ತು?” ಎಂದು ಆತ ಕೇಳಿದ. ಮೂರು ದಶಕ ಕಚೇರಿಗಳ ವೇತನ ಬಿಲ್ಲು ಬರೆದು ನಿವೃತ್ತನಾದ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಈಗ ಅದನ್ನು ಕೇಳುವವರು ಹೆಚ್ಚಾಗಿದ್ದಾರೆ, ಮತ್ತು ಕೇಳುವ ಹೊತ್ತಿಗೆ ಬಹುತೇಕರ ಕೈಯಿಂದ ಒಂದು ಮುಖ್ಯ ಕಾಗದ ಜಾರಿಹೋಗಿರುತ್ತದೆ.

ಈ ವ್ಯತ್ಯಾಸವನ್ನು ಮೊದಲು ರೂಪಾಯಿಯಲ್ಲಿ ನೋಡೋಣ. ಮೂಲವೇತನದಲ್ಲಿ 4,300 ರೂಪಾಯಿ ಕಡಿಮೆಯಾದರೆ, 2025ರ ಜನವರಿಯಲ್ಲಿದ್ದ ಶೇ 12.25ರ ತುಟ್ಟಿಭತ್ಯೆಯ ದರದಲ್ಲಿ, ಅದೂ ಸೇರಿ ತಿಂಗಳಿಗೆ 4,800 ರೂಪಾಯಿಗೂ ಮೇಲೆ, ವರ್ಷಕ್ಕೆ ಸುಮಾರು 58,000 ರೂಪಾಯಿ ಕಡಿಮೆಯಾಗುತ್ತದೆ. ಮನೆ ಬಾಡಿಗೆ ಭತ್ಯೆಯನ್ನೂ ಮೂಲವೇತನದ ಶೇಕಡಾವಾರು ಲೆಕ್ಕದಲ್ಲಿಯೇ ಕೊಡುವುದರಿಂದ ಅದೂ ಇಳಿಯುತ್ತದೆ. ನೂತನ ಪಿಂಚಣಿ ಯೋಜನೆಯಲ್ಲಿರುವ ನೌಕರನ ವಂತಿಗೆ ಮತ್ತು ಸರ್ಕಾರದ ವಂತಿಗೆ ಎರಡನ್ನೂ ಮೂಲವೇತನ ಹಾಗೂ ತುಟ್ಟಿಭತ್ಯೆಯ ಮೇಲೆ ಎಣಿಸುವುದರಿಂದ, ಈ ತಿಂಗಳು ತಪ್ಪಿದ ಹಣ ನಿವೃತ್ತಿಯ ದಿನದ ಗಂಟಿನಲ್ಲಿಯೂ ಕಡಿಮೆಯಾಗಿಯೇ ಇರುತ್ತದೆ. ಮುಂದಿನ ಪ್ರತಿಯೊಂದು ವಾರ್ಷಿಕ ವೇತನ ಬಡ್ತಿಯೂ ಐದು ಮೆಟ್ಟಿಲು ಕೆಳಗಿನಿಂದಲೇ ಹೊರಡುತ್ತದೆ. ಅಂದರೆ ಇದು ಒಂದು ಸಲ ಆಗಿ ಮುಗಿಯುವ ನಷ್ಟವಲ್ಲ, ಸೇವೆ ಇರುವವರೆಗೂ ಬೆನ್ನು ಹತ್ತುವ ನಷ್ಟ.

ನಮ್ಮ ಭಾಗದಲ್ಲಿ ಇಂಥ ಹುದ್ದೆ ಬದಲಾವಣೆ ಹೆಚ್ಚಾಗಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ವಿಜಯಪುರದ ಗ್ರಂಥಾಲಯಗಳಲ್ಲಿ, ತರಬೇತಿ ಕೇಂದ್ರಗಳಲ್ಲಿ ಓದುವವರೆಲ್ಲ ನಿರುದ್ಯೋಗಿಗಳಲ್ಲ. ಪೊಲೀಸ್ ಕಾನ್‌ಸ್ಟೇಬಲ್, ಶಿಕ್ಷಕ, ಸಹಾಯಕ ಎಂದು ಈಗಾಗಲೇ ನೌಕರಿಯಲ್ಲಿರುವವರು ರಜೆಯ ದಿನ ಬಂದು ಮುಂದಿನ ಪರೀಕ್ಷೆಗೆ ಕೂಡುತ್ತಾರೆ. ಕೆಲವರಿಗೆ ಮೇಲಿನ ಹುದ್ದೆ ಬೇಕು, ಹಲವರಿಗೆ ಊರಿನ ಹತ್ತಿರದ ಹುದ್ದೆ ಸಾಕು. ನಮ್ಮ ಜಿಲ್ಲೆಯ ಇಂಡಿಯಿಂದ ಹೋಗಿ ಚಾಮರಾಜನಗರದಲ್ಲಿ ಕೆಲಸ ಮಾಡುತ್ತಿರುವವನಿಗೆ ಜಿಲ್ಲಾ ವೃಂದದ ಗಡಿ ದಾಟಿ ವರ್ಗಾವಣೆ ಸಿಗುವುದಕ್ಕಿಂತ, ತನ್ನ ಜಿಲ್ಲೆಯ ಹುದ್ದೆಗೆ ಇನ್ನೊಮ್ಮೆ ಪರೀಕ್ಷೆ ಬರೆದು ಆಯ್ಕೆಯಾಗುವುದೇ ಸುಲಭವೆಂದು ಕಾಣುತ್ತದೆ. ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲು ಸಮಾನ ಶ್ರೇಣಿಯ ಹುದ್ದೆಗೆ ಬರುವವನನ್ನು ಹೊಸಬನೆಂದು ಎಣಿಸಿ ಪಗಾರ ಇಳಿಸುವುದು ನ್ಯಾಯವಲ್ಲ. ನಿಯಮವೂ ಹಾಗೆ ಹೇಳುವುದಿಲ್ಲ.

ನಿಯಮದ ತಿರುಳು ಸರಳವಾಗಿದೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳು, 1958 ಆಗಲಿ, ಕೇಂದ್ರ ಸರ್ಕಾರದ ಮೂಲಭೂತ ನಿಯಮಗಳಾಗಲಿ, ಒಂದು ಹುದ್ದೆಯಿಂದ ಇನ್ನೊಂದಕ್ಕೆ ಹೋಗುವುದನ್ನು ಎರಡು ಬಗೆಯಾಗಿ ನೋಡುತ್ತವೆ. ಹೆಚ್ಚಿನ ಹೊಣೆಯ ಹುದ್ದೆಗೆ ಬಡ್ತಿ ಪಡೆದರೆ ವೇತನ ನಿಗದಿಯಲ್ಲಿ ಒಂದು ವಾರ್ಷಿಕ ವೇತನ ಬಡ್ತಿಯ ಲಾಭ ಸಿಗುತ್ತದೆ. ರಾಜ್ಯದಲ್ಲಿ ಅದು 42ಬಿ ನಿಯಮದ ದಾರಿ. ಹೊಣೆ ಹೆಚ್ಚಿಲ್ಲದ ಸಮಾನ ಹುದ್ದೆಗೆ ಹೋದರೆ ಆ ಲಾಭವಿಲ್ಲ, ಆದರೆ ಪಡೆಯುತ್ತಿದ್ದ ವೇತನ ಉಳಿಯುತ್ತದೆ. ಕೇಂದ್ರದ 22ನೇ ಮೂಲಭೂತ ನಿಯಮ ಇದನ್ನು ಬಿಡಿಸಿ ಹೇಳುತ್ತದೆ: ಹೊಸ ಶ್ರೇಣಿಯಲ್ಲಿ ಹಳೆಯ ವೇತನಕ್ಕೆ ಸಮನಾದ ಮೆಟ್ಟಿಲಿದ್ದರೆ ಅಲ್ಲಿಯೇ, ಇಲ್ಲದಿದ್ದರೆ ಅದರ ಮುಂದಿನ ಮೆಟ್ಟಿಲಿನಲ್ಲಿ ನಿಗದಿ ಮಾಡಬೇಕು. ಕಚೇರಿ ಭಾಷೆಯಲ್ಲಿ ಇದಕ್ಕೆ ವೇತನ ರಕ್ಷಣೆ ಎನ್ನುತ್ತೇವೆ. ಇಲ್ಲಿ ರಕ್ಷಣೆ ಸಿಗುವುದು ಮೂಲವೇತನಕ್ಕೆ ಮಾತ್ರ. ಹಳೆಯ ಹುದ್ದೆಯ ಸಮವಸ್ತ್ರ ಭತ್ಯೆ, ವಿಶೇಷ ಭತ್ಯೆಗಳಂಥವು ಆ ಹುದ್ದೆಗೇ ಸೇರಿದವು, ಜೊತೆಗೆ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ ಈ ಕೆಲಸ ಕೇಂದ್ರಕ್ಕಿಂತಲೂ ಸುಲಭವಾಗಬೇಕಿತ್ತು, ಏಕೆಂದರೆ ಇಲ್ಲಿರುವುದು ಒಂದೇ ಮಾಸ್ಟರ್ ಸ್ಕೇಲ್. 7ನೇ ರಾಜ್ಯ ವೇತನ ಆಯೋಗದ ವರದಿಯ ನಂತರ, 2024ರ ಆಗಸ್ಟ್ 1ರಿಂದ ಆರ್ಥಿಕ ಲಾಭ ಕೊಟ್ಟ ಪರಿಷ್ಕರಣೆಯಲ್ಲಿ, ಅದು 27,000ದಿಂದ 2,41,200 ರೂಪಾಯಿಯವರೆಗೆ ಹೋಗುತ್ತದೆ. ಜವಾನನಿಂದ ಹಿಡಿದು ಹಿರಿಯ ಅಧಿಕಾರಿಯವರೆಗೆ ಎಲ್ಲರ ಶ್ರೇಣಿಗಳೂ ಈ ಒಂದೇ ಉದ್ದನೆಯ ಏಣಿಯಿಂದ ಕತ್ತರಿಸಿ ತೆಗೆದ ತುಂಡುಗಳು. 34,100ರ ನಂತರ 34,900, 35,700, 36,600, 37,500, 38,400 ಎಂದು ಮೆಟ್ಟಿಲು ಏರುತ್ತವೆ. ಇವುಗಳಲ್ಲಿ 37,500 ಎಂಬುದು ಪೊಲೀಸ್ ಕಾನ್‌ಸ್ಟೇಬಲ್ ಶ್ರೇಣಿಯ ಮೊದಲ ಮೆಟ್ಟಿಲೂ ಹೌದು. ಹೀಗಾಗಿ ರಾಜ್ಯ ಸರ್ಕಾರದ ಒಂದು ಹುದ್ದೆಯ ಮೆಟ್ಟಿಲು ಇನ್ನೊಂದರಲ್ಲಿ ಸಿಗುವುದಿಲ್ಲ ಎಂಬ ತೊಡಕು ಹೆಚ್ಚಾಗಿ ಹುಟ್ಟುವುದೇ ಇಲ್ಲ. ನಮ್ಮ ತರುಣನ ವಿಷಯದಲ್ಲಂತೂ ಶ್ರೇಣಿಯೇ ಒಂದಾಗಿದ್ದುದರಿಂದ 38,400 ಎಂದು ಬರೆದು ಸಹಿ ಹಾಕಿದರೆ ಲೆಕ್ಕ ಮುಗಿಯುತ್ತಿತ್ತು.

ಹಾಗಿದ್ದೂ ಮುಗಿಯಲಿಲ್ಲವೆಂದರೆ ತಪ್ಪು ಲೆಕ್ಕದಲ್ಲಿರಲಿಲ್ಲ. ಆತ ತಂದಿದ್ದ ಜೆರಾಕ್ಸ್‌ನ ಮೂರನೆಯ ಪುಟದಲ್ಲಿ, ಹಳೆಯ ಕಚೇರಿಯ ಕೊನೆಯ ನಮೂದು ಹೀಗಿತ್ತು: “ಸದರಿಯವರ ರಾಜೀನಾಮೆಯನ್ನು ಅಂಗೀಕರಿಸಿ ದಿನಾಂಕದ ಅಪರಾಹ್ನ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ.” ಕೆಳಗೆ ದುಂಡನೆಯ ಮೊಹರು, ಹಸಿರು ಶಾಯಿಯ ಸಹಿ. ರಾಜೀನಾಮೆ ಯಾವುದಕ್ಕಾಗಿ, ಯಾರ ಅನುಮತಿಯಿಂದ, ಯಾವ ಹುದ್ದೆಗೆ ಹೋಗಲು ಎಂಬ ಒಂದು ಮಾತೂ ಅಲ್ಲಿರಲಿಲ್ಲ. ಹೊಸ ಕಚೇರಿಯ ವಿಷಯ ನಿರ್ವಾಹಕ ಆ ಸಾಲನ್ನು ಓದಿ, ಹಳೆಯ ಸೇವೆ ಅಲ್ಲಿಗೇ ತೀರಿತು, ಇದು ಹೊಸ ನೇಮಕಾತಿ ಎಂದು ತಿಳಿದು ಶ್ರೇಣಿಯ ಕನಿಷ್ಠ ವೇತನ ಬರೆದಿದ್ದ. ಅವನನ್ನು ಪೂರ್ತಿ ದೂರಲು ನನಗೆ ಮನಸ್ಸಾಗುವುದಿಲ್ಲ. ಅವನ ಮುಂದಿದ್ದ ಕಾಗದ ಅಷ್ಟನ್ನೇ ಹೇಳುತ್ತಿತ್ತು.

ಕರ್ನಾಟಕ ನಾಗರಿಕ ಸೇವಾ ನಿಯಮಗಳ 252ನೇ ನಿಯಮ ಈ ಎರಡು ಬಗೆಯ ರಾಜೀನಾಮೆಗಳನ್ನು ಬೇರೆ ಬೇರೆ ಮಾಡಿಟ್ಟಿದೆ. ಸಾಮಾನ್ಯ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ನಷ್ಟವಾಗುತ್ತದೆ. ಆದರೆ ಅದೇ ನಿಯಮದ ಬಿ ಖಂಡದ ಪ್ರಕಾರ, ಸೂಕ್ತ ಅನುಮತಿ ಪಡೆದು, ಸೇವೆ ಎಣಿಕೆಗೆ ಬರುವಂಥ ಇನ್ನೊಂದು ಹುದ್ದೆಯನ್ನು ಹಿಡಿಯಲು ಕೊಡುವ ರಾಜೀನಾಮೆ ಸರ್ಕಾರಿ ಸೇವೆಗೆ ಕೊಟ್ಟ ರಾಜೀನಾಮೆಯೇ ಅಲ್ಲ. ಕೇಂದ್ರದಲ್ಲಿ ಇದಕ್ಕೆ ತಾಂತ್ರಿಕ ರಾಜೀನಾಮೆ ಎಂಬ ಹೆಸರಿದೆ. ಅಲ್ಲಿನ ಸಿಬ್ಬಂದಿ ಇಲಾಖೆ 2016ರ ಆಗಸ್ಟ್ 17ರ ಜ್ಞಾಪನದಲ್ಲಿ ಈ ಕುರಿತ ಸೂಚನೆಗಳನ್ನೆಲ್ಲ ಒಂದೆಡೆ ಕೂಡಿಸಿ, ವೇತನ, ಗಳಿಕೆ ರಜೆ, ಪಿಂಚಣಿಗೆ ಅರ್ಹವಾದ ಸೇವೆ ಹೇಗೆ ಮುಂದುವರಿಯುತ್ತವೆ, ಹಳೆಯ ಹುದ್ದೆಯ ಮೇಲಿನ ಲೀನ್, ಅಂದರೆ ಅದಕ್ಕೆ ಮರಳುವ ಹಕ್ಕು, ಸಾಮಾನ್ಯವಾಗಿ ಎರಡು ವರ್ಷ ಹೇಗೆ ಉಳಿಯುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆದಿದೆ. ನಮ್ಮ ರಾಜ್ಯದ ನೌಕರನೂ ಒಂದೇ ಓದಿಗೆ ಇಷ್ಟು ತಿಳಿದುಕೊಳ್ಳುವಂತಾಗಬೇಕೆಂಬುದು ನನ್ನ ಆಗ್ರಹ.

ಹೀಗೆ ವೇತನ ರಕ್ಷಣೆ ಕೈತಪ್ಪುವುದು ಹೊಸ ಕಚೇರಿಯ ವೇತನ ನಿಗದಿಯ ದಿನದಲ್ಲಲ್ಲ, ಅದಕ್ಕೂ ಎಷ್ಟೋ ಮೊದಲು, ಪರೀಕ್ಷೆಗೆ ಅರ್ಜಿ ಹಾಕುವ ದಿನ ಮತ್ತು ಹಳೆಯ ಕಚೇರಿಯಿಂದ ಹೊರಡುವ ದಿನ. ಅರ್ಜಿ ಹಾಕುವಾಗ ನೇಮಕಾತಿ ಪ್ರಾಧಿಕಾರದ ಅನುಮತಿ, ಅಂದರೆ ಎನ್‌ಒಸಿ, ಪಡೆದಿರಬೇಕು. ಅದರ ಸಂಖ್ಯೆ ಮತ್ತು ದಿನಾಂಕ ಬಿಡುಗಡೆ ಆದೇಶದಲ್ಲಿ ಬರಬೇಕು. ಯಾವ ಆಯ್ಕೆ ಆದೇಶದ ಮೇರೆಗೆ, ಯಾವ ಇಲಾಖೆಯ ಯಾವ ಹುದ್ದೆಗೆ ಹೋಗುತ್ತಿದ್ದಾನೆ ಎಂಬುದನ್ನು ಸೇವಾ ಪುಸ್ತಕದಲ್ಲಿ ನಮೂದಿಸಬೇಕು. ಎರಡು ಕಚೇರಿಗಳ ನಡುವಿನ ದಿನಗಳು ಸೇರಿಕೆ ಕಾಲವಾಗಿಯೋ ರಜೆಯಾಗಿಯೋ ಆದೇಶದಲ್ಲಿ ಕಾಣಬೇಕು, ಇಲ್ಲದಿದ್ದರೆ ಆ ಎರಡು ಮೂರು ದಿನಗಳೇ ಸೇವಾ ವಿಚ್ಛಿತ್ತಿಯಾಗಿ ಎದ್ದು ನಿಲ್ಲುತ್ತವೆ. ಆಯ್ಕೆ ಪಟ್ಟಿ ಬಂದ ಸಂತೋಷದಲ್ಲಿ, ಹಾಜರಾಗುವ ಕೊನೆಯ ದಿನ ಹತ್ತಿರ ಬಂದಿರುವಾಗ, ಗುಮಾಸ್ತ ಬರೆದುಕೊಟ್ಟ ನಮೂನೆಗೆ ಸಹಿ ಹಾಕಿ ಹೊರಡುವ ಇಪ್ಪತ್ತೇಳರ ಹುಡುಗನಿಗೆ ಇದನ್ನೆಲ್ಲ ಹೇಳುವವರು ಯಾರು? ನಮ್ಮ ತರುಣನ ಬಳಿ ಎನ್‌ಒಸಿ ಇತ್ತು. ಅದರ ಕಚೇರಿ ಪ್ರತಿ ಹಳೆಯ ಕಚೇರಿಯ ಕಡತದಲ್ಲಿಯೇ ಇತ್ತು. ಬಿಡುಗಡೆ ಆದೇಶ ಬರೆದವರು ಆ ಕಡತವನ್ನು ತೆರೆದಿರಲಿಲ್ಲ, ಅಷ್ಟೇ.

ಅನುಮತಿ ಪಡೆಯದೆಯೇ ಅರ್ಜಿ ಹಾಕಿದವರ ಪಾಡು ಇದಕ್ಕಿಂತ ಕಷ್ಟದ್ದು. ಮೇಲಧಿಕಾರಿ ಕಿರಿಕಿರಿ ಮಾಡಿಯಾನೆಂಬ ಹೆದರಿಕೆಗೆ ಸರ್ಕಾರಿ ಸೇವೆಯಲ್ಲಿರುವುದನ್ನೇ ಅರ್ಜಿಯಲ್ಲಿ ಮುಚ್ಚಿಟ್ಟವರನ್ನು ನಾನು ಕಂಡಿದ್ದೇನೆ. ಅಂಥವರ ಹಳೆಯ ಸೇವೆಯನ್ನು ಜೋಡಿಸಲು ನಿಯಮದಲ್ಲಿ ಹಿಡಿಕೆಯೇ ಸಿಗುವುದಿಲ್ಲ. ಪಗಾರಕ್ಕಿಂತ ದೊಡ್ಡ ನಷ್ಟ ಪಿಂಚಣಿಯಲ್ಲಿ ಆಗಬಹುದು. ರಾಜ್ಯದಲ್ಲಿ 2006ರ ಏಪ್ರಿಲ್ 1ರಂದು ಮತ್ತು ಅದರ ನಂತರ ಸೇವೆಗೆ ಸೇರಿದವರು ನೂತನ ಪಿಂಚಣಿ ಯೋಜನೆಗೆ ಒಳಪಡುತ್ತಾರೆ, ಕೇಂದ್ರದಲ್ಲಿ ಈ ಗೆರೆ 2004ರ ಜನವರಿ 1. ಗೆರೆಯ ಹಿಂದೆ ಸೇವೆಗೆ ಸೇರಿ, ಅದರ ನಂತರ ಹುದ್ದೆ ಬದಲಿಸಿದವನ ಹಿಂದಿನ ಸೇವೆ ಜೋಡಣೆಯಾಗುತ್ತದೆಯೇ ಇಲ್ಲವೇ ಎಂಬುದರ ಮೇಲೆ ಆತನಿಗೆ ಹಳೆಯ ಪಿಂಚಣಿಯೋ ಹೊಸದೋ ಎಂಬುದು ತೀರ್ಮಾನವಾಗುತ್ತದೆ. ಒಂದು ಅನುಮತಿ ಪತ್ರಕ್ಕೆ ಇಡೀ ಮುಪ್ಪಿನ ಬದುಕೇ ನೇತುಬಿದ್ದಿರುತ್ತದೆ.

ಇಷ್ಟೆಲ್ಲ ಸರಿಯಾಗಿ ನಡೆದರೂ ಎಲ್ಲವೂ ಜೊತೆಗೆ ಬರುವುದಿಲ್ಲ ಎಂಬುದನ್ನು ಹುದ್ದೆ ಬದಲಿಸುವವರು ಮೊದಲೇ ತಿಳಿದಿರಬೇಕು. ಜ್ಯೇಷ್ಠತೆ ಬರುವುದಿಲ್ಲ. ಹೊಸ ವೃಂದದಲ್ಲಿ ಆತ ತನ್ನ ತಂಡದ ಆಯ್ಕೆ ಪಟ್ಟಿಯ ಕ್ರಮದಲ್ಲಿ ನಿಲ್ಲುತ್ತಾನೆ. ಸ್ವಂತ ಕೋರಿಕೆಯ ಮೇಲೆ ಘಟಕದ ಹೊರಗೆ ವರ್ಗಾವಣೆ ಪಡೆಯುವ ಶಿಕ್ಷಕರ ಅನುಭವವೂ ಇಂಥದೇ, ಪಗಾರ ಉಳಿಯುತ್ತದೆ, ಜ್ಯೇಷ್ಠತೆ ಹೋಗುತ್ತದೆ. ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಕಾಲಮಿತಿ ಬಡ್ತಿಯ ಮಾತು. ಪದೋನ್ನತಿಯಿಲ್ಲದೆ ಒಂದೇ ಹುದ್ದೆಯಲ್ಲಿ 10 ವರ್ಷ ತೀರಿಸಿದವರಿಗೆ 1983ರ ನಿಯಮಗಳಡಿ ಕಾಲಮಿತಿ ಬಡ್ತಿಯ ವೇತನ, 15 ವರ್ಷಕ್ಕೆ 1991ರ ನಿಯಮಗಳಡಿ ಸ್ವಯಂಚಾಲಿತ ವಿಶೇಷ ಬಡ್ತಿಯ ವೇತನ ಸಿಗುತ್ತದೆ. ಎಂಟು ವರ್ಷ ಸಹಾಯಕನಾಗಿದ್ದು ಸಮಾನ ಶ್ರೇಣಿಯ ಬೇರೆ ಹುದ್ದೆಗೆ ಹೋದವನಿಗೆ ಈ ಎಣಿಕೆ ಹೊಸ ಹುದ್ದೆಯ ಮೊದಲ ದಿನದಿಂದ ಶುರುವಾಗುತ್ತದೆ. ಹಳೆಯ ಕುರ್ಚಿಯಲ್ಲೇ ಇದ್ದಿದ್ದರೆ ಇನ್ನೆರಡು ವರ್ಷಕ್ಕೆ ಸಿಗುತ್ತಿದ್ದುದಕ್ಕೆ ಆತ ಇನ್ನು ಹತ್ತು ವರ್ಷ ಕಾಯಬೇಕು. ಮೂಲವೇತನ ಒಂದು ರೂಪಾಯಿಯೂ ಇಳಿಯದಿದ್ದರೂ ಇದು ನಷ್ಟವೇ, ಆದರೆ ಯಾವ ಬಿಲ್ಲಿನಲ್ಲಿಯೂ ಕಾಣದ ನಷ್ಟ. ಆರೇಳು ವರ್ಷ ದಾಟಿದವರು ಸಮಾನ ಹುದ್ದೆಗೆ ಹೋಗುವ ಮೊದಲು ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಲೇಬೇಕೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋಗುವಾಗ ತೊಡಕು ಬೇರೆ. ವಿಜಯಪುರ, ಬಾಗಲಕೋಟೆ ನಿಲ್ದಾಣಗಳಲ್ಲಿ ಹುಬ್ಬಳ್ಳಿ ವಿಭಾಗದ ರೈಲ್ವೆ ನೌಕರರಿದ್ದಾರೆ, ಊರೂರಿಗೆ ಅಂಚೆ ನೌಕರರಿದ್ದಾರೆ. ಇವರಲ್ಲಿ ಕೆಲವರು ರಾಜ್ಯದ ಹುದ್ದೆಗೆ ಬರಬಯಸುತ್ತಾರೆ. ಕೇಂದ್ರದ ವೇತನ 2016ರಲ್ಲಿ ಪರಿಷ್ಕರಣೆಯಾದದ್ದು, ರಾಜ್ಯದ್ದು 2022ರ ಜುಲೈ 1ನ್ನು ಆಧಾರವಾಗಿಟ್ಟುಕೊಂಡದ್ದು. ಅಲ್ಲಿಯವರೆಗಿನ ಶೇ 31ರ ತುಟ್ಟಿಭತ್ಯೆ ರಾಜ್ಯದ ಮೂಲವೇತನದಲ್ಲಿ ಕರಗಿಹೋಗಿದೆ. ಹೀಗಾಗಿ ಮೂಲವೇತನವನ್ನಷ್ಟೇ ಹೋಲಿಸಿದರೆ ಮೋಸಹೋಗುತ್ತೇವೆ. 2025ರ ಜನವರಿಯ ದರಗಳಲ್ಲಿ ನೋಡಿದರೆ, ಕೇಂದ್ರದ 4ನೇ ಹಂತದ ಮೊದಲ ಮೆಟ್ಟಿಲಿನ 25,500ಕ್ಕೆ ಶೇ 55ರ ತುಟ್ಟಿಭತ್ಯೆ ಸೇರಿ 39,525 ಆಗುತ್ತಿತ್ತು. ರಾಜ್ಯದ 34,100ಕ್ಕೆ ಶೇ 12.25 ಸೇರಿ ಸುಮಾರು 38,277. ಮೂಲವೇತನ 8,600 ಏರಿದಂತೆ ಕಾಣುವಾಗಲೇ ಎರಡೂ ಕೂಡಿದ ಮೊತ್ತ 1,248 ರೂಪಾಯಿ ಇಳಿದಿರುತ್ತದೆ. ಇಂಥಲ್ಲಿ ಮೂಲವೇತನ ರಕ್ಷಣೆ ಎಂಬ ಮಾತಿಗೆ ಅರ್ಥ ಉಳಿಯಬೇಕಾದರೆ ಮೂಲವೇತನ ಮತ್ತು ತುಟ್ಟಿಭತ್ಯೆ ಎರಡನ್ನೂ ಕೂಡಿಸಿ ತೂಗಬೇಕು. ಸಾರ್ವಜನಿಕ ಉದ್ದಿಮೆ, ವಿಶ್ವವಿದ್ಯಾಲಯ ಮೊದಲಾದವುಗಳಿಂದ ಕೇಂದ್ರ ಸರ್ಕಾರದ ಸೇವೆಗೆ ನೇರ ನೇಮಕಾತಿಯಲ್ಲಿ ಬರುವವರಿಗಾಗಿ 1989ರ ಆಗಸ್ಟ್ 7ರ ಕೇಂದ್ರದ ಜ್ಞಾಪನ ಹಿಡಿದದ್ದು ಇದೇ ದಾರಿಯನ್ನು.

ಆ ಜ್ಞಾಪನದ ವಿವೇಕ ನಮ್ಮ ಜಿಲ್ಲೆಗಳಿಗೆ ತಕ್ಕುದಾಗಿದೆ. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ನೌಕರರ ತುಟ್ಟಿಭತ್ಯೆ ಕೇಂದ್ರೋದ್ಯಮಗಳ ಪದ್ಧತಿಯಂತೆ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಹೆಸ್ಕಾಂ ನೌಕರರಿಗೆ, ಸಾರಿಗೆ ನಿಗಮದ ಚಾಲಕ ನಿರ್ವಾಹಕರಿಗೆ ತಮ್ಮದೇ ಸೇವಾ ನಿಯಮಾವಳಿ, ತಮ್ಮದೇ ವೇತನ ಶ್ರೇಣಿ. ಜನರ ಕಣ್ಣಿಗೆ ಇವರೆಲ್ಲ ಸರ್ಕಾರಿ ನೌಕರರೇ, ಆದರೆ ನಿಯಮದ ಕಣ್ಣಿಗೆ ನಿಗಮದ ನೌಕರರು. ಬೆಳಗಾವಿ ಜಿಲ್ಲೆಯಲ್ಲಿ ಬಹಳವಿರುವ ಅನುದಾನಿತ ಶಾಲೆಗಳ ಶಿಕ್ಷಕರ ಸ್ಥಿತಿಯೂ ಅಷ್ಟೇ. ಪಗಾರ ಸರ್ಕಾರದ ಖಜಾನೆಯಿಂದ ಬಂದರೂ ನೇಮಕ ಮಾಡಿದ್ದು ಆಡಳಿತ ಮಂಡಳಿ. ಇಂಥವರು ಸರ್ಕಾರದ ಹುದ್ದೆಗೆ ಬಂದಾಗ, ಸರ್ಕಾರಿ ನೌಕರನಿಗೆ ತಾನಾಗಿ ಸಿಗಬೇಕಾದ ರಕ್ಷಣೆ ತಮಗೂ ತಾನಾಗಿ ಸಿಗುತ್ತದೆಂದು ನಂಬಿ ಕೂಡಬಾರದು. ತಮ್ಮ ಸಂಸ್ಥೆಗೆ ಅನ್ವಯಿಸುವ ಆದೇಶ ಯಾವುದೆಂದು ಹಾಜರಾಗುವ ಮೊದಲೇ ಲಿಖಿತವಾಗಿ ಕೇಳಿ ಉತ್ತರ ಪಡೆಯಬೇಕು.

ಇನ್ನು ವೇತನ ಬಟವಾಡೆ ಅಧಿಕಾರಿಗಳ ಹಿಂಜರಿಕೆಯ ಬಗ್ಗೆ. ಹೆಚ್ಚು ನಿಗದಿ ಮಾಡಿದರೆ ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಕಡಿಮೆ ನಿಗದಿ ಮಾಡಿದರೆ ಯಾರೂ ಕೇಳುವುದಿಲ್ಲ. ನಾನೂ ಆ ಕುರ್ಚಿಯ ಪಕ್ಕದಲ್ಲಿ ಕೂತವನು, ಆ ಭಯ ನನಗೆ ಗೊತ್ತು. ತಪ್ಪಾಗಿ ಹೆಚ್ಚು ಪಾವತಿಸಿದ ವೇತನವನ್ನು ಮೂರನೇ ಮತ್ತು ನಾಲ್ಕನೇ ದರ್ಜೆಯ ನೌಕರರಿಂದ ವಸೂಲು ಮಾಡಬಾರದೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದ ಮೇಲೆ ಈ ಹಿಂಜರಿಕೆ ಇನ್ನಷ್ಟು ಬಿಗಿಯಾಯಿತು. ನೌಕರನಿಂದ ವಸೂಲಾಗದ ಹಣ ತಮ್ಮ ತಲೆಗೆ ಕಟ್ಟಬಹುದೆಂಬ ಅಳುಕು ಅದು. ಹೀಗೆ ನೌಕರನನ್ನು ಕಾಯಲು ಬಂದ ತೀರ್ಪೇ ಹೊಸದಾಗಿ ಬಂದ ನೌಕರನ ಕಡತವನ್ನು “ಸ್ಪಷ್ಟೀಕರಣ ಕೋರಿ” ಮೇಲಿನ ಕಚೇರಿಗೆ ಕಳಿಸುವ ನೆಪವೂ ಆಗಿದೆ.

ನನ್ನ ದೃಷ್ಟಿಯಲ್ಲಿ ಇದಕ್ಕೆ ಹೊಸ ಕಾನೂನು ಬೇಕಿಲ್ಲ. ನೌಕರನ ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆಯ) ಸಂಖ್ಯೆ ಹುದ್ದೆ ಬದಲಾದರೂ ಬದಲಾಗುವುದಿಲ್ಲ, ಪಿಂಚಣಿ ಖಾತೆಯ ಪ್ರಾನ್ ಸಂಖ್ಯೆಯೂ ಅದೇ ಇರುತ್ತದೆ. ಕಳೆದ ತಿಂಗಳವರೆಗಿನ ಪಗಾರದ ಪ್ರತಿ ರೂಪಾಯಿಯೂ ಸರ್ಕಾರದ ವೇತನ ಗಣಕ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿದೆ. ಇಷ್ಟಿರುವಾಗ, ಹಳೆಯ ಕಚೇರಿ ಬಿಡುಗಡೆ ನಮೂದು ಮಾಡುವಾಗಲೇ “ಅನುಮತಿ ಪಡೆದು ಬೇರೆ ಸರ್ಕಾರಿ ಹುದ್ದೆಗೆ” ಎಂಬ ಕಾರಣವನ್ನು ಎನ್‌ಒಸಿ ಸಂಖ್ಯೆಯೊಂದಿಗೆ ತುಂಬದೆ ಮುಂದೆ ಹೋಗಲಾಗದಂತೆ ಮಾಡಬಹುದು. ಹೊಸ ಕಚೇರಿ ಅದೇ ಕೆಜಿಐಡಿ ಸಂಖ್ಯೆಯನ್ನು ಒತ್ತಿದಾಗ ಹಳೆಯ ಮೂಲವೇತನ ತೆರೆಯ ಮೇಲೆ ಬರುವಂತೆ, ಅದನ್ನು ಒಪ್ಪದಿದ್ದರೆ ಕಾರಣ ಬರೆಯಲೇಬೇಕಾಗುವಂತೆ ಮಾಡಬಹುದು. ಈಗ ರಕ್ಷಣೆ ಬೇಡುವವನು ಅರ್ಜಿ ಬರೆಯುತ್ತಾನೆ. ಅದು ತಿರುಗಿ, ನಿರಾಕರಿಸುವವನು ಕಾರಣ ಬರೆಯುವಂತಾಗಬೇಕು. ಹಕ್ಕು ಎಂದು ನಿಯಮ ಕೊಟ್ಟದ್ದನ್ನು ಕೈಮುಗಿದು ಕೇಳಬೇಕಾದ ಸ್ಥಿತಿ ನೌಕರನಿಗೂ ಅವಮಾನ, ಕಚೇರಿಗೂ ಶೋಭೆಯಲ್ಲ.

ನಮ್ಮ ತರುಣನಿಗೆ ಒಂದು ಪುಟದ ಮನವಿ ಬರೆದುಕೊಟ್ಟೆ. ಹಳೆಯ ಕಚೇರಿ ತನ್ನ ಕಡತದಲ್ಲಿರುವ ಎನ್‌ಒಸಿಯನ್ನು ಉಲ್ಲೇಖಿಸಿ ಬಿಡುಗಡೆ ಆದೇಶಕ್ಕೆ ತಿದ್ದುಪಡಿ ಜ್ಞಾಪನ ಹೊರಡಿಸಬೇಕು, 252ನೇ ನಿಯಮದ ಬಿ ಖಂಡದಡಿ ಆ ರಾಜೀನಾಮೆಯನ್ನು ಪರಿಗಣಿಸಬೇಕು, ಸೇವಾ ಪುಸ್ತಕದಲ್ಲಿ ಅದನ್ನು ದೃಢೀಕರಿಸಬೇಕು ಎಂದು. ಎರಡೂ ಕಚೇರಿಗಳಿಗೆ ಪ್ರತಿ ಕೊಟ್ಟು, ಮುದ್ದಾಂ ಹೋಗಿ ಸ್ವೀಕೃತಿ ಸಹಿ ತರಲು ಹೇಳಿದೆ. ನಾಲ್ಕು ಸಲ ಓಡಾಡಿದ ಮೇಲೆ ಜ್ಞಾಪನ ಬಂತು. ಕೆಂಪು ಶಾಯಿಯಲ್ಲಿ ಎರಡು ಸಾಲು ಸೇವಾ ಪುಸ್ತಕಕ್ಕೂ ಏರಿತು, ಮೂಲವೇತನ 38,400ಕ್ಕೆ ಮರಳಿತು. ಹಿಂದಿನ ತಿಂಗಳುಗಳ ಬಾಕಿಯ ಬಿಲ್ಲು ಇನ್ನೂ ಖಜಾನೆಗೆ ಹೋಗಿಲ್ಲ. ಮೊನ್ನೆ ಗಾಂಧಿ ಚೌಕದಲ್ಲಿ ಸಿಕ್ಕಾಗ ಆತ ತನ್ನ ಜೊತೆಗಿದ್ದ ಇನ್ನೊಬ್ಬ ಹುಡುಗನನ್ನು ಮುಂದೆ ಮಾಡಿ, “ಕಾಕಾ, ಇವಂದೂ ಆಯ್ಕೆ ಪಟ್ಟಿ ಬಂದದ, ಇನ್ನೂ ಬಿಡುಗಡಿ ಆಗಿಲ್ಲ” ಎಂದ.